ಮೂರು ಮರಕ್ಕೆ ಜೋತುಬಿದ್ದ ಭಾವ

ನಮ್ಮ ಭಾವನಷ್ಟು ಬುದ್ಧಿವಂತರು ಕ್ಯಾಲಿಫೋರ್ನಿಯಾದ ಈ ಬೇ ಏರಿಯಾದಲ್ಲೇ ಇಲ್ಲ ಎಂದು ಅವರೇ ಹೇಳುತ್ತಾರೆ. ನಾನು ಒಪ್ಪುತ್ತೇನೆ. ಬುದ್ಧಿ ಇದೆ, ಧಾರಾಳವಾಗಿಯೇ ಇದೆ. ಅದನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಜಾಗ ಸಾಲದೆ ನಮ್ಮ ಮನೆಗೆ ತಂದು ಸುರಿಯುತ್ತಾರೆ ಎನ್ನುವುದಷ್ಟೇ ನನ್ನ ತಕರಾರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರಿನವರು, ಮೆಕ್ಯಾನಿಕಲ್ ಎಂಜಿನಿಯರು. ಕಾರಿನ ಚಕ್ರ ಹಳ್ಳಕ್ಕೆ ಬಿದ್ದರೂ ಒಳಗೆ ಕೂತವರ ಕಾಫಿ ಚೆಲ್ಲಬಾರದು, ಹಾಗೆ ಸಸ್ಪೆನ್ಷನ್ ಮಾಡಿಕೊಡುವುದು ಅವರ ಕಸುಬು. ಮನೆ ಡ್ಯಾನ್‌ವಿಲ್‌ನಲ್ಲಿ, ಆಫೀಸು ನಾವಿರುವ ನೆವಾರ್ಕಿನಲ್ಲಿ. ಸಂಜೆ ಫ್ರೀವೇ ತುಂಬಿರುತ್ತದೆ, ಅದು ಖಾಲಿಯಾಗುವವರೆಗೆ ಎಂದು ನಮ್ಮ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತಾರೆ. ಫ್ರೀವೇ ಖಾಲಿಯಾದದ್ದನ್ನು ನೀವು ಯಾವತ್ತಾದರೂ ಕಂಡಿದ್ದೀರಾ? ಹಾಗಾಗಿ ಅವರ ತಲೆಯಲ್ಲಿ ಹುಟ್ಟುವ ಪ್ರತಿಯೊಂದು ಯೋಜನೆಗೂ ಮೊದಲ ಬಲಿ ನಾನೇ. ಮಗಳು ಬರ್ಕ್ಲಿಯ ಕಾಲೇಜಿನಲ್ಲಿ ಓದುವಷ್ಟು ನನಗೆ ವಯಸ್ಸಾಗಿದೆ, ತಲೆಗೆ ಬಣ್ಣ ಹಚ್ಚುತ್ತೇನೆ. ಆದರೂ ಅವರ ಪಾಲಿಗೆ ಇವತ್ತಿಗೂ ನಾನು ‘ಪುಟ್ಟಿ’.

ಒಂದು ಸಂಜೆ ಲೋಟ ಕೆಳಗಿಟ್ಟು ಕೇಳಿದರು. “ಪುಟ್ಟಿ, ನಿಮ್ಮ ಹಿತ್ತಲಲ್ಲಿ ಎಷ್ಟು ಮರ ಇದಾವೆ?”

“ಎರಡು. ಒಂದು ನಿಂಬೆ, ಒಂದು ಕಿತ್ತಳೆ. ಯಾಕೆ ಭಾವ?”

“ಮೂರು ಬೇಕಾಗಿತ್ತಲ್ಲ.” ಬಹಳ ಬೇಸರದಿಂದ ಕಿಟಕಿಯಾಚೆ ನೋಡಿದರು. “ಬೇಲಿ ಕಂಬ ಗಟ್ಟಿ ಇದೆಯಾ?”

ಟೆಂಟು ಎಂದರೆ ನೆಲದ ಮೇಲೆ ಹಾಕುವುದು ಎಂದುಕೊಂಡಿದ್ದವಳು ನಾನು. ಭಾವ ತರಿಸಿದ್ದು ನೆಲವನ್ನೇ ಮುಟ್ಟದ ಟೆಂಟು. ಅದಕ್ಕೆ ಮೂರು ಮೂಲೆ, ಮೂರು ಮೂಲೆಗೆ ಮೂರು ಮರ. ಲಾರಿಯ ಮೇಲೆ ಸಾಮಾನು ಬಿಗಿಯುತ್ತಾರಲ್ಲ, ಅಂಥ ಅಗಲವಾದ ಪಟ್ಟಿಗಳನ್ನು ಮರಗಳಿಗೆ ಸುತ್ತಿ, ಹಿಡಿಯನ್ನು ಕಟಕಟನೆ ಆಡಿಸಿ ಬಿಗಿದರೆ ಅದು ತೊಟ್ಟಿಲಿನ ಹಾಗೆ ಗಾಳಿಯಲ್ಲಿ ನಿಲ್ಲುತ್ತದೆ. ಒಂದೊಂದು ಮೂಲೆಗೆ ಒಬ್ಬೊಬ್ಬರ ತಲೆ, ನಡುವೆ ಎಲ್ಲರ ಕಾಲು. ಮೇಲೆ ಸೊಳ್ಳೆಪರದೆ.

“ಇದರಲ್ಲಿ ಒಂದು ದಿನ ನಿಮ್ಮಕ್ಕನ್ನ ಮಲಗಿಸಬೇಕು ಪುಟ್ಟಿ” ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ಅಕ್ಕ ಮಲಗುವುದನ್ನೇ ಬಿಟ್ಟಿದ್ದಳು.

ಹೋದ ವರ್ಷ ಅವಳ ಹೃದಯದ ಒಂದು ಕವಾಟ ಬದಲಾಯಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ನಡೆಯುತ್ತಾಳೆ, ಅಡುಗೆ ಮಾಡುತ್ತಾಳೆ, ಫೋನು ಮಾಡಿ ನನ್ನನ್ನು ಬೈಯುತ್ತಾಳೆ. ಆದರೆ ಆಸ್ಪತ್ರೆಯಿಂದ ಬಂದ ಮೇಲೆ ಹಾಸಿಗೆಗೆ ಬೆನ್ನು ತಾಗಿಸಿಲ್ಲ. ಹಾಲಿನಲ್ಲಿರುವ ಒರಗು ಕುರ್ಚಿಯಲ್ಲಿ ಶಾಲು ಹೊದ್ದು ಕೂತೇ ಬೆಳಗು ಮಾಡುತ್ತಾಳೆ. “ಮಲಗಿದ ತಕ್ಷಣ ಆ ಆಪರೇಷನ್ ಟೇಬಲ್ ಮೇಲಿದ್ದ ಹಾಗೇ ಆಗತ್ತೆ ಕಣೇ. ಏಳ್ತೀನೋ ಇಲ್ವೋ ಅನ್ನಿಸತ್ತೆ” ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದಳು. ಡಾಕ್ಟರು ಧೈರ್ಯವಾಗಿ ಮಲಗಿ, ಮಲಗದಿದ್ದರೇ ತೊಂದರೆ ಎಂದರು. ಭಾವ ಇಳಿಜಾರಿನ ದಿಂಬು ತಂದರು, ರಿಮೋಟು ಒತ್ತಿದರೆ ಏಳುವ ಮಂಚ ತಂದರು. ಅಕ್ಕ ಮಂಚವನ್ನು ಒಮ್ಮೆ ಮುಟ್ಟಿ ನೋಡಿ ಕುರ್ಚಿಗೇ ಹಿಂದಿರುಗಿದಳು.

ಇನ್ನೊಂದು ವಿಷಯವನ್ನೂ ಹೇಳಬೇಕು. ಅಕ್ಕನ ಗೊರಕೆ ನಮ್ಮ ವಂಶದಲ್ಲೇ ಹೆಸರುವಾಸಿ. ಅವಳ ಮದುವೆಯವರೆಗೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದವಳು ನಾನು. ಕಿವಿಗೆ ಹತ್ತಿ ಇಟ್ಟುಕೊಂಡೇ ಎಸ್ಸೆಲ್ಸಿ ಪಾಸು ಮಾಡಿದ್ದೇನೆ. ಈಗ ಆ ಗೊರಕೆ ನಿಂತುಹೋಗಿದೆ. ಕೂತು ತೂಕಡಿಸುವವರಿಗೆ ಎಲ್ಲಿಯ ಗೊರಕೆ? “ಮನೆ ತುಂಬಾ ಸೈಲೆಂಟಾಗಿಬಿಟ್ಟಿದೆ ಪುಟ್ಟಿ” ಎಂದು ಭಾವ ಒಂದು ಸಲ ಹೇಳಿದ್ದರು. ಎಂಜಿನ್ನಿನಲ್ಲಿ ಏನೋ ದೋಷವಿದೆ ಎಂದು ಹೇಳುವ ಧಾಟಿಯಲ್ಲಿ.

ಇಂಥ ಹೊತ್ತಿನಲ್ಲಿ ಈ ಮನುಷ್ಯ, ಹಾಸಿಗೆಯ ಮೇಲೆಯೇ ಮಲಗದವಳನ್ನು ಮರದ ಮೇಲೆ ಮಲಗಿಸುತ್ತಾರಂತೆ! ಹೆಂಡತಿ ಕುರ್ಚಿಯಲ್ಲಿ ನಿದ್ದೆಗೆಟ್ಟು ಕೂತಿದ್ದರೆ ಇವರಿಗೆ ಜೋಕಾಲಿಯ ಹುಚ್ಚು. ನಾಲಿಗೆ ತುದಿಗೆ ಬಂದದ್ದನ್ನು ಕಾಫಿಯ ಜೊತೆ ನುಂಗಿಕೊಂಡೆ.

ಟೆಂಟಿನ ಹುಚ್ಚು ಒಂದೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಅದಕ್ಕೆ ಅವರ ಹಳೆಯ ಹುಚ್ಚೊಂದು ಬಂದು ಸೇರಿಕೊಂಡಿತು, ಉತ್ತರ ದಿಕ್ಕಿನ ಹುಚ್ಚು. ಭಾವ ದೇವರ ಮುಂದೆ ದೀಪ ಹಚ್ಚಿದವರಲ್ಲ. ರಾಹುಕಾಲ ಎಂದರೆ ನಗುತ್ತಾರೆ, ಬೆಕ್ಕು ಅಡ್ಡ ಬಂದರೆ ಬೆಕ್ಕಿಗೇ ದಾರಿ ಬಿಡುತ್ತಾರೆ. ಆದರೆ ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಎನ್ನುವುದೊಂದನ್ನು ಮಾತ್ರ ಬಿಟ್ಟಿಲ್ಲ. ಹೆಣವನ್ನು ಹಾಗೆ ಮಲಗಿಸುತ್ತಾರೆ ಎಂದು ಅವರ ಅಜ್ಜಿ ಹೇಳಿದ್ದರಂತೆ. ಹೋಟೆಲಿಗೆ ಹೋದರೂ ಮೊದಲು ಫೋನಿನ ದಿಕ್ಸೂಚಿ ತೆಗೆದು ಮಂಚದ ಮೇಲಿಟ್ಟು ನೋಡುತ್ತಾರೆ.

ಅಕ್ಕನ ಆಪರೇಷನ್ನಿನ ಮಾರನೆಯ ದಿನವೂ ಅದೇ ಆಯಿತು. ಅವಳ ಮೈತುಂಬ ನಳಿಗೆಗಳು, ಸುತ್ತ ಟಿಣ್ ಟಿಣ್ ಎನ್ನುವ ಯಂತ್ರಗಳು. ನಾನು ಕಣ್ಣೀರು ಒರೆಸಿಕೊಳ್ಳುತ್ತಿದ್ದರೆ ಭಾವ ಫೋನು ಹಿಡಿದು ಮಂಚದ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ಆಮೇಲೆ ನರ್ಸನ್ನು ಕರೆದು, ಮಂಚ ತಿರುಗಿಸಬೇಕು ಎಂದರು. ಪಾಪ, ಒಳ್ಳೆಯ ಹೆಂಗಸು. ಇದೇನಾದರೂ ನಿಮ್ಮ ಧರ್ಮದ ವಿಷಯವೇ ಎಂದು ಬಹಳ ಮರ್ಯಾದೆಯಿಂದ ಕೇಳಿದಳು.

“ನೋ, ನೋ,” ಎಂದರು ಭಾವ. “ಐ ಆಮ್ ಎನ್ ಎಂಜಿನಿಯರ್.”

ನಳಿಗೆಗಳು ಬಿಟ್ಟಷ್ಟು ದೂರ ಅವಳು ಮಂಚವನ್ನು ಓರೆ ಮಾಡಿಕೊಟ್ಟಳು. ಭಾವ ಫೋನು ನೋಡಿ “ಇನ್ನೊಂದು ಚೂರು” ಎಂದರು. ನಾನು ನಾಚಿಕೆ ತಡೆಯಲಾರದೆ ಹೊರಗೆ ಬಂದು ನಿಂತೆ.

ಸರಿ, ಮೊದಲ ಪ್ರಯೋಗ ನಮ್ಮ ಹಿತ್ತಲಿನಲ್ಲೇ ನಡೆಯಿತು. ನಿಂಬೆ, ಕಿತ್ತಳೆ, ಬೇಲಿಯ ಕಂಬ. ಮೇಲೆ ಹತ್ತಿದವರು ಭಾವ, ನಾನು, ಮತ್ತು ವಾರದ ಕೊನೆಗೆಂದು ಮನೆಗೆ ಬಂದಿದ್ದ ನನ್ನ ಮಗಳು. ಮೂವರು ಯಾಕೆ? ಟೆಂಟಿಗೆ ಮೂರು ಮೂಲೆಯಲ್ಲೂ ಭಾರ ಬೇಕಂತೆ. ಒಬ್ಬರು ಇಳಿದರೆ ನೆಲವೇ ವಾಲಿ, ಉಳಿದಿಬ್ಬರು ಜಾರಿ ಒಬ್ಬರ ಮೇಲೊಬ್ಬರು ಬೀಳುತ್ತಾರಂತೆ. “ನಿನ್ನ ತೂಕಾನೂ ಅಕ್ಕನ ತೂಕಾನೂ ಒಂದೇ, ನೀನು ಇರಲೇಬೇಕು” ಎಂದರು. ಹೆಂಗಸರ ತೂಕ ಇವರಿಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಕಾರಿನ ಸೀಟು ಎಷ್ಟು ಕುಸಿಯುತ್ತದೆ ಎಂದು ನೋಡಿಯೇ ಹೇಳುತ್ತಾರೆ.

ಮಲಗಿದೆವು. ನಡುವೆ ನನ್ನ ಕಾಲು ಹೋಗಿ ಭಾವನ ಕಾಲಿಗೆ ತಗುಲಿತು. ಹಿರಿಯರಿಗೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಲ್ಲ? ಎದ್ದು ಕೂತು ಒತ್ತಿಕೊಂಡೆ. ನಾನು ಎದ್ದ ರಭಸಕ್ಕೆ ಟೆಂಟು ತೂಗಿ ಮಗಳ ಕಾಲು ನನಗೆ ಬಡಿಯಿತು. ಅವಳು ಇಲ್ಲೇ ಹುಟ್ಟಿದವಳಾದರೂ ಇದೊಂದನ್ನು ಚೆನ್ನಾಗಿ ಕಲಿಸಿದ್ದೇನೆ, ಅವಳೂ ಎದ್ದು ಒತ್ತಿಕೊಂಡಳು. ಆ ತೂಗಾಟಕ್ಕೆ ನನ್ನ ಕಾಲು ಮತ್ತೆ ಭಾವನಿಗೆ. ನಾನು ಮತ್ತೆ ಎದ್ದೆ. ಹೀಗೆ ಮೂವರೂ ಒಬ್ಬರಿಗೊಬ್ಬರು ನಮಸ್ಕಾರ ಮಾಡುತ್ತಲೇ ಇದ್ದೆವು, ಟೆಂಟು ತೂಗುತ್ತಲೇ ಇತ್ತು. “ಅಮ್ಮ, ವೈ ಕಾಂಟ್ ವಿ ಜಸ್ಟ್ ಸ್ಟಾಪ್?” ಎಂದಳು ಮಗಳು. ಹೇಗೆ ನಿಲ್ಲಿಸುವುದು? ಕೊನೆಗೆ ನಿಲ್ಲಿಸಿದ್ದು ಬೇಲಿಯ ಕಂಬ. ಅದು ಬುಡಸಮೇತ ಎದ್ದು ಬಂದು ನಾವು ಮೂವರೂ ಹುಲ್ಲಿನ ಮೇಲೆ ಕೂತಿದ್ದೆವು. ಬೇಲಿಯ ಆಚೆಯಿಂದ ಪಕ್ಕದ ಮನೆಯಾಕೆ ಗುಡ್ ಮಾರ್ನಿಂಗ್ ಎಂದಳು.

ಎರಡನೆಯ ಪ್ರಯೋಗಕ್ಕೆ ಗಟ್ಟಿ ಮರ ಬೇಕೆಂದು ಬೆಟ್ಟದಲ್ಲಿ ಯಾರದೋ ಖಾಸಗಿ ಕ್ಯಾಂಪಿಗೆ ಕರೆದುಕೊಂಡು ಹೋದರು. ಎಲ್ಲ ರೆಡ್‌ವುಡ್ ಮರಗಳು. ಗಟ್ಟಿಗೆ ಏನೂ ಕೊರತೆಯಿಲ್ಲ, ಆದರೆ ಒಂದೊಂದರ ಬುಡವೂ ನಮ್ಮ ಅಡುಗೆಮನೆಯಷ್ಟು ದಪ್ಪ. ಪಟ್ಟಿ ಅರ್ಧ ಸುತ್ತಿಗೇ ಮುಗಿದುಹೋಯಿತು. ಇಂಥದಕ್ಕೆಲ್ಲ ಭಾವ ಜಗ್ಗುವವರೇ? ಪಟ್ಟಿಗೆ ಪಟ್ಟಿ ಗಂಟು ಹಾಕಿ, ಒಂದು ತುದಿ ಅವರು ಹಿಡಿದು, ಇನ್ನೊಂದು ನನ್ನ ಕೈಗೆ ಕೊಟ್ಟು, “ಮರಾನ ತಬ್ಬಿಕೋ ಪುಟ್ಟಿ, ಬಿಗಿಯಾಗಿ ತಬ್ಬಿಕೋ” ಎಂದು ಆಚೆಯಿಂದ ಕೂಗುತ್ತಿದ್ದರು. ನಾನು ತೊಗಟೆಗೆ ಕೆನ್ನೆಯೊತ್ತಿ ನಿಂತಿದ್ದೆ. ಆ ದಾರಿಯಲ್ಲಿ ನಡೆದು ಬರುತ್ತಿದ್ದ ಅಮೆರಿಕನ್ ಹೆಂಗಸೊಬ್ಬಳು ನಮ್ಮನ್ನು ನೋಡಿದಳು. ಚೀಲ ಇಳಿಸಿದಳು, ಚಪ್ಪಲಿ ಬಿಟ್ಟಳು, ಕಣ್ಣು ಮುಚ್ಚಿ ನನ್ನ ಪಕ್ಕದಲ್ಲಿ ಮರವನ್ನು ತಬ್ಬಿಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ಭಾವ ಈಚೆ ಬಂದು ನೋಡಿ, ಪಟ್ಟಿಯ ತುದಿಯನ್ನು ಅವಳ ಕೈಗೂ ಕೊಟ್ಟರು.

ಅವತ್ತು ಟೆಂಟೇನೋ ಹೇಗೋ ನಿಂತಿತು. ಆದರೆ ದಿಕ್ಸೂಚಿ ಒಪ್ಪಲಿಲ್ಲ. ಒಂದು ಮೂಲೆ ಸರಿಯಾಗಿ ಈಶಾನ್ಯಕ್ಕೆ ಬಿತ್ತು. ಈಶಾನ್ಯ ಉತ್ತರಕ್ಕೆ ಸೇರಿದ್ದೋ ಪೂರ್ವಕ್ಕೆ ಸೇರಿದ್ದೋ? ಅಲ್ಲೇ ನಿಂತು ಮೈಸೂರಿಗೆ, ತಮ್ಮ ಮನೆಯ ಪುರೋಹಿತರಿಗೆ ವಾಟ್ಸಾಪಿನಲ್ಲಿ ವಿಡಿಯೋ ಕಾಲ್ ಮಾಡಿದರು. ಸದ್ಯ, ಅಲ್ಲಿ ಬೆಳಗಾಗಿತ್ತು. ಪುರೋಹಿತರು ಸ್ನಾನ ಮುಗಿಸಿ ಕೂತಿದ್ದರು. ಭಾವ ಫೋನು ತಿರುಗಿಸಿ ಮೂರು ಮರ, ಮೂರು ಮೂಲೆ, ಗಂಟು ಬಿಚ್ಚೀತೆಂದು ಇನ್ನೂ ಮರ ತಬ್ಬಿಯೇ ಇದ್ದ ನನ್ನನ್ನೂ ತೋರಿಸಿದರು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಇದು ನೆಲ ಮುಟ್ಟತ್ತಾ?” ಎಂದು ಕೇಳಿದರು.

“ಇಲ್ಲ, ಅದೇ ಇದರ ವಿಶೇಷ.”

“ಹಾಗಾದ್ರೆ ನನ್ನನ್ನ ಕೇಳಬೇಡಿ. ಶಾಸ್ತ್ರ ಇರೋದೆಲ್ಲ ನೆಲದ ಮೇಲೆ ಮಲಗೋ ಮನುಷ್ಯರಿಗೆ” ಎಂದು ಫೋನು ಇಟ್ಟರು.

ಮನೆಗೆ ಬರುವಾಗ ಕಾರಿನಲ್ಲಿ ನಾನು ತಡೆಯಲಾರದೆ ಹೇಳಿಯೇಬಿಟ್ಟೆ. “ಭಾವ, ಅಕ್ಕ ಅಲ್ಲಿ ಕುರ್ಚಿಯಲ್ಲಿ ಕೂತಿದಾಳೆ. ನೀವು ಇಲ್ಲಿ ಮರ ಎಣಿಸ್ತಾ ಇದೀರಿ. ನಿಮಗೆ ಏನೂ ಅನ್ನಿಸಲ್ವಾ?”

ಅವರು ಫ್ರೀವೇಯನ್ನೇ ನೋಡುತ್ತಾ, “ಅನ್ನಿಸತ್ತೆ. ಎತ್ತರ ಸರಿ ಇರಲಿಲ್ಲ” ಎಂದರು. ಈ ಮನುಷ್ಯನ ಹತ್ತಿರ ಏನು ಮಾತಾಡುವುದು? ಮಾರನೆಯ ಭಾನುವಾರ ಡ್ಯಾನ್‌ವಿಲ್‌ಗೆ ಹೋದಾಗ ನೋಡುತ್ತೇನೆ, ಟೇಪು ಹಿಡಿದು ಅಕ್ಕನ ಕುರ್ಚಿ ನೆಲದಿಂದ ಎಷ್ಟು ಮೇಲಿದೆ ಎಂದು ಅಳೆಯುತ್ತಿದ್ದರು. ಅಕ್ಕ ಅದರಲ್ಲೇ ಕೂತು ಬೀನ್ಸ್ ಹೆಚ್ಚುತ್ತಿದ್ದಳು. “ಅಳೀಲಿ ಬಿಡೇ, ಅಷ್ಟು ಹೊತ್ತಾದ್ರೂ ಸುಮ್ನಿರ್ತಾರೆ” ಎಂದಳು.

ಕೊನೆಗೆ ಭಾವನ ಆಫೀಸಿನ ಸ್ನೇಹಿತರೊಬ್ಬರು ಡ್ಯಾನ್‌ವಿಲ್‌ನ ಹಿಂದಿನ ಗುಡ್ಡದಲ್ಲಿದ್ದ ತಮ್ಮ ಜಮೀನಿನಲ್ಲಿ ಏನು ಬೇಕಾದರೂ ಕಟ್ಟಿಕೊಳ್ಳಿ ಎಂದರು. ಅಲ್ಲಿ ಹದವಾದ ದಪ್ಪದ ಓಕ್ ಮರಗಳಿದ್ದವು. ಒಂದು ಶನಿವಾರ ಮಧ್ಯಾಹ್ನ ಅಕ್ಕನನ್ನೂ ಹೊರಡಿಸಿದೆವು. “ಚಿತ್ರಾನ್ನ ತಿಂತೀನಿ, ಕೂತ್ಕೋತೀನಿ, ವಾಪಸ್ ಬರ್ತೀನಿ. ಮರಗಿರ ಹತ್ತಲ್ಲ” ಎಂದು ಮೊದಲೇ ಕರಾರು ಮಾಡಿಸಿಕೊಂಡು ಕಾರು ಹತ್ತಿದಳು.

ನಾವು ಊಟ ಮುಗಿಸುವ ಹೊತ್ತಿಗೆ ಭಾವ ಟೆಂಟು ಕಟ್ಟಿ ಮುಗಿಸಿದ್ದರು. ಆಮೇಲೆ ಫೋನು ತೆಗೆದು ನೋಡಿದರು, ಮುಖ ಇಳಿದುಹೋಯಿತು. ಒಂದು ಮೂಲೆ ಪೂರ್ವಕ್ಕೆ, ಒಂದು ದಕ್ಷಿಣಕ್ಕೆ. ಮೂರನೆಯದು ಸೂಜಿ ಇಟ್ಟ ಹಾಗೆ ಉತ್ತರಕ್ಕೆ. ಸರಿ, ಉತ್ತರಕ್ಕೆ ನಾನೇ ಗತಿ, ನಾದಿನಿಯ ಜೀವಕ್ಕೆ ಏನು ಬೆಲೆ ಎಂದುಕೊಂಡೆ. ಆದರೆ ಭಾವ ಪೂರ್ವದ ಮೂಲೆಯಲ್ಲಿ ಅಕ್ಕನ ದಿಂಬು ಇಟ್ಟರು. ನನ್ನದನ್ನು ದಕ್ಷಿಣಕ್ಕೆ ಇಟ್ಟರು. ಅಕ್ಕ ಆ ಕಡೆ ತಿರುಗಿದ್ದಾಗ ತಮ್ಮ ದಿಂಬನ್ನು ಸದ್ದಿಲ್ಲದೆ ಉತ್ತರದ ಮೂಲೆಗೆ ತಳ್ಳಿದರು.

“ಭಾವ,” ಎಂದೆ.

“ಶ್... ಅಕ್ಕನಿಗೆ ಹೇಳ್ಬೇಡ. ನನಗೇನೂ ಆಗಲ್ಲ, ನಾನು ಎಂಜಿನಿಯರು.”

ಅಕ್ಕನನ್ನು ಕೈ ಹಿಡಿದು ಕರೆತಂದರು. ಟೆಂಟು ಎಷ್ಟು ಕೆಳಗಿತ್ತೆಂದರೆ ಹತ್ತುವ ಪ್ರಶ್ನೆಯೇ ಇರಲಿಲ್ಲ. ಅಕ್ಕ ಬೆನ್ನು ತಿರುಗಿಸಿ, ಮನೆಯಲ್ಲಿ ಕುರ್ಚಿಗೆ ಕೂರುವ ಹಾಗೇ ಅದರ ಅಂಚಿನಲ್ಲಿ ಕೂತಳು. ಒಂದು ಕೂದಲಿನಷ್ಟೂ ಹೆಚ್ಚುಕಡಿಮೆಯಿಲ್ಲ, ಕುರ್ಚಿಯದೇ ಎತ್ತರ. ನನಗೆ ಆ ಟೇಪು ನೆನಪಾಯಿತು.

“ಕೂತಿದೀನಲ್ಲ, ಸಾಕು ರೀ. ಮಲಗೋಕೆ ನನ್ನ ಕೈಲಾಗಲ್ಲ” ಎಂದಳು.

“ಮಲಗು ಅಂತ ಯಾರಂದ್ರು?” ಎಂದರು ಭಾವ. “ಇದರಲ್ಲಿ ಮಲಗೋಕೆ ಬರೋದೇ ಇಲ್ಲ. ಆ ಟೇಬಲ್ಲು ಚಪ್ಪಟೆ ಇತ್ತು, ಹಾಸಿಗೆನೂ ಚಪ್ಪಟೆ. ಇದರಲ್ಲಿ ಚಪ್ಪಟೆ ಅನ್ನೋದೇ ಇಲ್ಲ ನೋಡು. ಸುಮ್ನೆ ಜೋತುಬೀಳೋದು ಅಷ್ಟೇ. ಚಪ್ಪಟೆ ಅಲ್ಲದೇ ಇರೋದು ಈ ದೇಶದಲ್ಲಿ ಏನಿದೆ ಅಂತ ಎಷ್ಟು ಹುಡುಕಿದೀನಿ ಗೊತ್ತಾ ಮಾರಾಯ್ತಿ.”

ಬೇಲಿ ಕಿತ್ತದ್ದು, ಮರ ತಬ್ಬಿಸಿದ್ದು, ಪುರೋಹಿತರ ಮುಂದೆ ನನ್ನ ಮಾನ ಕಳೆದದ್ದು, ಎಲ್ಲ ಇದಕ್ಕೋ? ಮೊದಲೇ ಒಂದು ಮಾತು ಹೇಳಬಾರದಿತ್ತೇ ಈ ಮನುಷ್ಯ?

ಅಕ್ಕ ಅವರ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಹಿಂದಕ್ಕೆ ಜರುಗಿ ಕಾಲು ಮೇಲೆ ತೆಗೆದುಕೊಂಡಳು. ಬೆನ್ನಿನ ಕೆಳಗೆ ಬಟ್ಟೆ ಕುಸಿದು ಅವಳನ್ನು ಎತ್ತಿ ಹಿಡಿಯಿತು. ನಾನೂ ಭಾವನೂ ಎರಡು ಕಡೆಯಿಂದ ಹತ್ತಿದೆವು. ಕಾಲಿಗೆ ಕಾಲು ತಗುಲಿತು, ನಮಸ್ಕಾರಗಳಾದವು, ತೂಗಾಟ ನಿಂತಿತು. ಅಕ್ಕ ಕಣ್ಣು ಬಿಟ್ಟುಕೊಂಡೇ ಇದ್ದಳು, ಒಂದು ಕೈ ಎದೆಯ ಮೇಲಿತ್ತು. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿ ಎಲೆಗಳ ನಡುವಿನ ಬಿಸಿಲನ್ನು ನೋಡಿದಳು, ನಮ್ಮ ನೆರಳುಗಳನ್ನು ನೋಡಿದಳು.

“ರೀ, ನಿಮ್ಮ ತಲೆ ಯಾವ ಕಡೆ ಇದೆ?”

ಭಾವ ಮೇಲಿನ ಎಲೆಗಳನ್ನು ಎಣಿಸತೊಡಗಿದರು.

“ಉತ್ತರಕ್ಕೆ ಹಾಕಿದೀರಾ? ನನಗಾದ್ರೆ ಆಸ್ಪತ್ರೆ ಮಂಚಾನೇ ತಿರುಗಿಸಿದ್ರಿ. ಏಳಿ ಮೊದಲು. ತಿರುಗಿ ಮಲಗಿ.”

ಅಂದರೆ ಆಸ್ಪತ್ರೆಯಲ್ಲಿ ಮೈತುಂಬ ನಳಿಗೆಗಳಿದ್ದ ಆ ಹೊತ್ತಿನಲ್ಲೂ ಅವಳಿಗೆ ಎಲ್ಲ ತಿಳಿಯುತ್ತಿತ್ತು. ಭಾವ ಎದ್ದು ದಿಂಬನ್ನು ನಡುವಿಗೆ ತಂದು ತಿರುಗಿ ಮಲಗಿದರು. ಈಗ ಅಕ್ಕನ ಕಾಲು ಸರಿಯಾಗಿ ಗಂಡನ ಮುಖದ ಹತ್ತಿರ ಬಂತು. “ಅಯ್ಯೋ” ಎಂದು ಅವಳೂ ಎದ್ದು ತಿರುಗಿ, ದಿಂಬನ್ನು ಅವರ ದಿಂಬಿನ ಪಕ್ಕಕ್ಕೆ ತಂದಳು. ಉಳಿದದ್ದು ನಾನು. ಹೀಗೇ ಇದ್ದರೆ ನನ್ನ ಎರಡು ಕಾಲೂ ಅಕ್ಕ ಭಾವನ ಮೂಗಿನ ಮುಂದೆ. ತಿರುಗಿದರೆ ನನ್ನ ತಲೆ ಉತ್ತರಕ್ಕೆ.

“ನಾನೇನು ಮಾಡಲಿ?” ಎಂದೆ.

ಇಬ್ಬರೂ ಯೋಚಿಸಿದರು.

“ನೀನು ಇಳಿ” ಎಂದಳು ಅಕ್ಕ. “ಕಾಫಿ ಮಾಡು ಹೋಗು.”

ಇಳಿದೆ. ನಾನು ಇಳಿದರೆ ಏನಾಗುತ್ತದೆ ಎಂದು ಇಳಿದ ಮೇಲೆ ನೆನಪಾಯಿತು. ಟೆಂಟು ವಾಲಿತು, ಇಬ್ಬರೂ ಜಾರಿದರು. ಈಗ ಕೂಗುತ್ತಾಳೆ, ಈಗ ಎದೆ ಹಿಡಿದುಕೊಂಡು ಎದ್ದು ಕೂರುತ್ತಾಳೆ ಎಂದು ನಾನು ಕೈ ಚಾಚಿ ನಿಂತಿದ್ದೆ. ಯಾರೂ ಕೂಗಲಿಲ್ಲ. ಬಗ್ಗಿ ಕೆಳಗಿನಿಂದ ನೋಡಿದರೆ ಬಟ್ಟೆಯಲ್ಲಿ ಎರಡು ಕಡೆ ಇದ್ದ ಉಬ್ಬು ಒಂದೇ ಆಗಿತ್ತು.

ಜೊತೆಗೆ ತಂದಿದ್ದ ಪುಟ್ಟ ಗ್ಯಾಸ್ ಒಲೆಯ ಹತ್ತಿರ ಹೋಗಿ ಕಾಫಿಪುಡಿಯ ಡಬ್ಬಿ ತೆಗೆದೆ, ಹಾಲು ತೆಗೆದೆ. ಕಡ್ಡಿ ಗೀರಬೇಕು, ಅಷ್ಟರಲ್ಲಿ ಮರದ ಕಡೆಯಿಂದ ಒಂದು ಸದ್ದು ಬಂತು. ಮೊದಲು ಸಣ್ಣಗೆ, ಆಮೇಲೆ ಇನ್ನೊಂದು ಸಲ, ಸ್ವಲ್ಪ ಜೋರಾಗಿ. ನಾನು ಕಡ್ಡಿಯನ್ನು ಪೆಟ್ಟಿಗೆಗೆ ವಾಪಸು ಹಾಕಿದೆ. ಸೊಳ್ಳೆಪರದೆಯ ಒಳಗಿನಿಂದ ಭಾವ ನನ್ನನ್ನೇ ನೋಡುತ್ತಿದ್ದರು. ಅಕ್ಕನ ತಲೆ ಅವರ ತೋಳಿನ ಮೇಲಿತ್ತು, ಅಲುಗಾಡುವ ಹಾಗಿರಲಿಲ್ಲ. ಕಣ್ಣಿನಿಂದ ಇಳಿದ ನೀರನ್ನು ಒರೆಸಿಕೊಳ್ಳುವ ಹಾಗೂ ಇರಲಿಲ್ಲ. ಗೊರಕೆ ಏರಿತು. ನಮ್ಮ ವಂಶದ ಗೊರಕೆ, ಗುಡ್ಡಕ್ಕೆಲ್ಲ ಕೇಳುವಂಥದು.

ನಾನು ಓಕ್ ಮರದ ಬುಡಕ್ಕೆ ಒರಗಿ ಕೂತೆ. ಕಿವಿಗೆ ಹತ್ತಿ ಇಟ್ಟುಕೊಳ್ಳಲಿಲ್ಲ.